ಇನ್ನೂ ವಯಸ್ಸೈತಿ

ನನ್ನ ಗಂಡ ತೀರಿಕೊಂಡ ಮೂರನೆಯ ದಿನ, ಅಂಗಳದಲ್ಲಿ ಜನ ಇನ್ನೂ ಕೂತಿರುವಾಗಲೇ, ಬಾಜೂ ಮನೆಯ ಮುದುಕಿ ನನ್ನ ಗದ್ದ ಹಿಡಿದು ಎತ್ತಿ ನೋಡಿ, "ಇನ್ನೂ ವಯಸ್ಸೈತಿ ಬಿಡ" ಎಂದಳು. ನನಗೆ ಹೇಳಿದ್ದಲ್ಲ. ಪಕ್ಕದಲ್ಲಿ ಕೂತ ಹೆಂಗಸಿಗೆ ಹೇಳಿದ್ದು. ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡಿ ಹೇಳುತ್ತಾರಲ್ಲ, ಹಾಗೆ. ಆ ಹೆಂಗಸೂ ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ ತಲೆಯಾಡಿಸಿದಳು.

ಆಗ ನನಗೆ ಇಪ್ಪತ್ತಮೂರು. ಮಗಳಿಗೆ ಎರಡು ತುಂಬಿತ್ತು. ನನ್ನ ಗಂಡ ಮೂಡಲಗಿಯಿಂದ ಕೊಲ್ಹಾಪುರದ ಮಾರ್ಕೆಟ್ಟಿಗೆ ಟೆಂಪೋದಲ್ಲಿ ಕಾಯಿಪಲ್ಲೆ ಒಯ್ಯುತ್ತಿದ್ದರು. ಸಂಕೇಶ್ವರ ಇನ್ನೇನು ಬಂತು ಅನ್ನುವಾಗ ಹೈವೇದಲ್ಲಿ ಟೆಂಪೋ ಮಗುಚಿತು. ರಸ್ತೆಯ ತುಂಬ ಬದನೆಕಾಯಿ ಚೆಲ್ಲಿದ್ದವಂತೆ. ನಾನು ನೋಡಲಿಲ್ಲ. ನನ್ನನ್ನು ಕರೆದುಕೊಂಡು ಹೋಗಲಿಲ್ಲ. "ಸಣ್ಣಾಕಿ, ತಡಕೊಳ್ಳೂದಿಲ್ಲ. ಮಾರಿ ತೋರಿಸೂದ ಬ್ಯಾಡ" ಎಂದು ಗಂಡನ ಕಾಕಾ, ಅಂದರೆ ನಮ್ಮ ಮಾವನ ತಮ್ಮ, ತೀರ್ಮಾನ ಮಾಡಿದರು. ನಮ್ಮ ಮಾವ ಮೊದಲೇ ತೀರಿಕೊಂಡಿದ್ದರಿಂದ ಮನೆಗೆ ಅವರೇ ಹಿರಿಯರು. ಮಣ್ಣಿಗೆ ಒಯ್ಯುವಾಗಲೂ ಮುಖದ ಮೇಲೆ ಬಟ್ಟೆ ಇತ್ತು. ಗಂಡನ ಮುಖ ಕೊನೆಯ ಸಲ ನೋಡುವುದಕ್ಕೆ ನಾನು ಸಣ್ಣವಳು. ಮತ್ತೊಬ್ಬನ ಮನೆಗೆ ಕಳಿಸುವುದಕ್ಕೆ ಮೂರೇ ದಿನದಲ್ಲಿ ಸರಿಯಾದ ವಯಸ್ಸಿನವಳು. ಇದನ್ನು ನಾನು ಇವತ್ತಿಗೂ ಮರೆತಿಲ್ಲ.

ವಯಸ್ಸಿನ ಮಾತು ನನಗೆ ಹೊಸದೇನೂ ಅಲ್ಲ. ನಾನು ಆಳು ಸಣ್ಣ. ಹುಕ್ಕೇರಿಯಲ್ಲಿ ಪಿಯುಸಿ ಮುಗಿಸಿ, ಹತ್ತೊಂಬತ್ತಕ್ಕೆ ಮದುವೆಯಾಗಿ, ಇಪ್ಪತ್ತೊಂದಕ್ಕೆ ತಾಯಿಯಾದೆ. ನಮ್ಮ ಕಡೆ ಇದೇನೂ ಅಪರೂಪವಲ್ಲ. ಆದರೂ ಮಗಳನ್ನು ಎತ್ತಿಕೊಂಡು ಎಲ್ಲಿ ಹೋದರೂ ನನ್ನನ್ನು ದಾಟಿ ಹಿಂದೆ ಯಾರಿದ್ದಾರೆಂದು ನೋಡುತ್ತಿದ್ದರು. ಘಟಪ್ರಭಾದಲ್ಲಿ ಸೂಜಿ ಹಾಕಿಸಲು ಹೋದಾಗ ನರ್ಸ್‌ಬಾಯಿ ಕೇಳಿದ್ದು, "ಕೂಸಿನ ತಾಯಿ ಎಲ್ಲದಾಳ?"

"ನಾನ ರೀ."

"ಏ, ಖರೆ ಹೇಳ."

ಖರೆಯನ್ನೇ ಹೇಳಿದ್ದೆ. ಅವಳು ಬಗ್ಗಿ, ಕೂಸಿಗೆ ಕೇಳಿಸುವ ಹಾಗೆ, "ನಿಮ್ಮವ್ವಗ ಮೊದಲ ಒಂದ ಸೂಜಿ ಹಾಕ್ಬೇಕ ನೋಡ" ಎಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಸಿಟ್ಟಿನವಳು ಅನ್ನುತ್ತಾರೆ.

ಮಗಳಿಗೆ ವರ್ಷ ತುಂಬುವ ಮೊದಲೇ ನಾನು ಗೋಕಾಕದ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗತೊಡಗಿದೆ. ಟೆಂಪೋದ ಕಂತು ಇತ್ತು, ಅವರೂ ಹೋಗು ಅಂದರು. ಅತ್ತೆ ಅನ್ನಲಿಲ್ಲ. "ಕೂಸಿನ ಬಾಯಾಗಿನ ಹಾಲ ಬಿಡಿಸಿ ಮಂದಿಗಿ ಸೀರಿ ತೋರಸಾಕ ಹೊಂಟಾಳ. ಬುದ್ಧಿ ಬರೂ ವಯಸ್ಸಲ್ಲ" ಎಂದು ಓಣಿಗೆಲ್ಲ ಕೇಳಿಸುವ ಹಾಗೆ ಹೇಳಿದಳು. ಕೂಸನ್ನು ನೋಡಿಕೊಂಡವಳೂ ಅವಳೇ. ಚೆನ್ನಾಗಿಯೇ ನೋಡಿಕೊಂಡಳು. ಸಂಜೆ ಮೂಡಲಗಿ ಬಸ್ಸಿನಿಂದ ಇಳಿದು ನಾನು ಓಡುತ್ತ ಮನೆಗೆ ಬಂದರೆ, ಮಗಳು ಹಾಲು ಕುಡಿದು ಮಲಗಿದ್ದಾಳೆ, ಮುಟ್ಟಬೇಡ ಅನ್ನುತ್ತಿದ್ದಳು. ನನ್ನ ಎದೆ ಕಟ್ಟಿ ನೋಯುತ್ತಿತ್ತು. ಬಚ್ಚಲಿಗೆ ಹೋಗಿ ಹಿಂಡಿ ಚೆಲ್ಲುತ್ತಿದ್ದೆ.

ಅಂಗಡಿಯಲ್ಲಿ ಮಾಲಕರು ಮೊದಲ ದಿನ ಕಲಿಸಿದ ಪಾಠ ಒಂದೇ. "ನೋಡವಾ, ಗಾದಿ ಮ್ಯಾಲೆ ಸೀರಿ ಹಾಸಿದ್ರ ಅರ್ಧ ವ್ಯಾಪಾರ. ಹೆಗಲ ಮ್ಯಾಲೆ ಹಾಕ್ಕೊಂಡ ತೋರಿಸಿದ್ರ ಪೂರಾ ವ್ಯಾಪಾರ. ಮಾರಿ ಮಾತ್ರ ನಗಮಾರಿ ಇರ್ಬೇಕು." ಹಾಗಾಗಿ ನಾನು ದಿನವಿಡೀ ಯಾರ್ಯಾರದೋ ಸೀರೆಯ ಸೆರಗನ್ನು ನನ್ನ ಹೆಗಲಿಗೆ ಹಾಕಿಕೊಂಡು, ಅಂಚಿನ ದಡಿಯನ್ನು ಬೆಳಕಿಗೆ ಹಿಡಿದು, ನಕ್ಕು ನಿಲ್ಲುತ್ತಿದ್ದೆ. ಗಿರಾಕಿಗಳು ಫೋನಿನಲ್ಲಿ ಫೋಟೋ ತೆಗೆದು ಮನೆಯವರಿಗೆ ಕಳಿಸುತ್ತಾರೆ, ಆ ಕಡೆಯಿಂದ ಹೂಂ ಅಂದರೆ ತೆಗೆದುಕೊಳ್ಳುತ್ತಾರೆ. ನನ್ನ ಫೋಟೋ ಎಷ್ಟು ಮನೆಗಳ ಫೋನಿನಲ್ಲಿ ಇದೆಯೋ.

ಗಂಡ ಹೋದ ಮೇಲೆ ನಾನು ಅಂಗಡಿಗೆ ತಿರುಗಿ ಬಂದಾಗ ಮಾಲಕರು ನನ್ನ ಬರಿ ಹಣೆ ನೋಡಿ, "ಒಂದ ಟಿಕಳಿ ಹಚ್ಚಕೊಳ್ಳವಾ. ಲಗ್ನದ ಜವಳಿಗಿ ಬಂದ ಮಂದಿ ಹಿಂದ ಸರೀತಾರ" ಎಂದರು. ಹಚ್ಚಿಕೊಂಡೆ. ಸಂಜೆ ಮೂಡಲಗಿ ಬರುವ ಮೊದಲು ಬಸ್ಸಿನಲ್ಲೇ ಕಿತ್ತು ಕಿಟಕಿಯ ಸರಳಿಗೆ ಅಂಟಿಸುತ್ತಿದ್ದೆ. ಊರಲ್ಲಿ ಟಿಕಳಿ ಇದ್ದರೆ ತಪ್ಪು, ಅಂಗಡಿಯಲ್ಲಿ ಇಲ್ಲದಿದ್ದರೆ ತಪ್ಪು. ಅವರಿಗಾಗಿ ಅಳಲು ನನಗೆ ಸಿಗುತ್ತಿದ್ದದ್ದು ಆ ಬಸ್ಸಿನ ದಾರಿಯೊಂದೇ. ಅಲ್ಲೂ ಯಾರಾದರೂ ಕೇಳುತ್ತಿದ್ದರು, "ಯಾಕ ತಂಗಿ, ಪರೀಕ್ಷಾದಾಗ ನಪಾಸ್ ಆತೇನು?"

ಈಗ ಉಡಿಕಿಯ ಮಾತು ಹೇಳಬೇಕು. ನಮ್ಮ ಕಡೆ ಗಂಡ ಸತ್ತವಳಿಗೆ ಇನ್ನೊಂದು ಸಂಸಾರ ಮಾಡಿಕೊಡುವುದಕ್ಕೆ ಉಡಿಕಿ ಅನ್ನುತ್ತಾರೆ. ಅದು ಮದುವೆಯಲ್ಲ. ಹಂದರ ಇಲ್ಲ, ಅಕ್ಕಿಕಾಳು ಇಲ್ಲ, ವಾಲಗ ಇಲ್ಲ. ಗಂಡಿನ ಕಡೆಯವರು ತಂದ ಸೀರೆಯನ್ನು ನಾಲ್ಕು ಮಂದಿಯ ಎದುರು ಉಟ್ಟರೆ ಆಯಿತು. ಕೇಳಿದವರು, ಪರವಾಗಿಲ್ಲವೇ, ಒಳ್ಳೆಯ ಪದ್ಧತಿ ಇದೆಯಲ್ಲ ಎನ್ನಬಹುದು. ಇದರಿಂದ ಬದುಕು ಕಂಡವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಅದರ ಜೊತೆಗೆ ಇನ್ನೊಂದು ಮಾತು ಇದೆ. ಉಡಿಕಿಯಾಗಿ ಹೋಗುವವಳು ಒಬ್ಬಳೇ ಹೋಗಬೇಕು. ಮೊದಲಿನ ಮಕ್ಕಳು ಸತ್ತವನ ಮನೆಯವರಿಗೆ.

ಗಂಡ ಹೋಗಿ ಎರಡು ವರ್ಷದ ಮೇಲೆ, ಅಂಗಡಿ ಖಾಲಿ ಇದ್ದ ಒಂದು ಮಧ್ಯಾಹ್ನ, ಹುಕ್ಕೇರಿಯಿಂದ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಅಂಗಡಿಗೆ ಬಂದಳು. ಜೊತೆಗೆ ಒಬ್ಬ ವಯಸ್ಸಾದ ಹೆಂಗಸು, ನಲವತ್ತರ ಹತ್ತಿರದ ಒಬ್ಬ ಗಂಡಸು. "ನಮ್ಮ ಸಂಬಂಧಿಕರು. ಸೀರಿ ತಗೋಬೇಕಂದ್ರು. ನಿಮ್ಮ ಅಂಗಡಿಗಿ ಕರಕೊಂಡ ಬಂದೆ. ನಿನಗೂ ಛಲೋ, ಅವರಿಗೂ ಛಲೋ" ಎಂದಳು. ನನಗೆ ಖುಷಿಯಾಯಿತು. ತವರಿನವರು ನನ್ನ ಕೆಲಸದ ಜಾಗಕ್ಕೆ ಬಂದದ್ದು ಅದೇ ಮೊದಲು. ಚಹಾ ತರಿಸಿದೆ.

"ಉಡೋರು ಹ್ಯಾಂಗದಾರ್ರಿ? ಬಣ್ಣ ಎಂಥಾದು?" ಎಂದು ಆ ಹೆಂಗಸಿಗೆ ಕೇಳಿದೆ. ಇದು ನಾನು ಎಲ್ಲರಿಗೂ ಕೇಳುವ ಮಾತು.

"ನಿನ್ನಷ್ಟ ಎತ್ತರ, ನಿಂದ ಬಣ್ಣ. ನಿನ್ನ ಮನಸ್ಸಿಗಿ ಬಂದದ್ದ ತಗಿ."

ಇದನ್ನೂ ಬಹಳ ಜನ ಹೇಳುತ್ತಾರೆ. ನಾನು ಒಂದು ಹಸಿರು ಸೀರೆ ತೆಗೆದೆ. ಕೆಂಪು ದಡಿಯದು. ಬಿಚ್ಚಿ ಹೆಗಲಿಗೆ ಹಾಕಿಕೊಂಡೆ. ಅಷ್ಟು ಹೊತ್ತು ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಗಂಡಸು ಸೀರೆ ನೋಡಲಿಲ್ಲ, ನನ್ನ ಮುಖ ನೋಡಿದ. ವೈನಿ ಫೋಟೋ ತೆಗೆದಳು. "ನಗು ಒಂದೀಟ" ಎಂದಳು. ನಕ್ಕೆ.

ಬಿಲ್ಲು ಆಯಿತು. ಸೀರೆಯನ್ನು ಪಿಶವಿಯಲ್ಲಿ ಹಾಕಿ ಕೊಟ್ಟರೆ ಆ ಹೆಂಗಸು ಅದನ್ನು ತಿರುಗಿ ನನ್ನ ಕೈಯಲ್ಲೇ ಇಟ್ಟು ಮುಷ್ಟಿ ಮುಚ್ಚಿದಳು. "ಇಟ್ಕೋ ಮಗಳ. ಬರೂ ಗುರುವಾರ ನಾಕ ಮಂದಿ ಹುಕ್ಕೇರಿಗಿ ಬರ್ತೀವಿ. ಅವತ್ತ ಇದನ್ನ ಉಡು."

ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ವೈನಿಯ ಕಡೆ ನೋಡಿದೆ.

"ನನ್ನ ಯಾಕ ಹಂಗ ನೋಡ್ತಿ? ನಿನಗ ಇನ್ನೂ ವಯಸ್ಸೈತಿ. ನಾವ ಎಷ್ಟ ದಿವಸ ಮಂದಿ ಬಾಯಿ ಮುಚ್ಚೂದು? ಗೋಕಾಕದಾಗ ಟಿಕಳಿ, ಮೂಡಲಗ್ಯಾಗ ಬರಿ ಹಣಿ. ಗೊತ್ತಿಲ್ಲಂತ ತಿಳದಿಯೇನು?" ಎಂದಳು, ಹಲ್ಲು ಕಚ್ಚಿಕೊಂಡು.

ಆ ಗಂಡಸು ಆಡಿದ್ದು ಒಂದೇ ಮಾತು. "ನನಗ ಎರಡ ಹುಡುಗರದಾವ್ರಿ. ನೋಡ್ಕೊಳ್ಳಾಕ ಮಂದಿ ಬೇಕು."

"ಮತ್ತ ನನ್ನ ಮಗಳು?"

"ಅದು ಅವರ ಮನೀದಲ್ಲರಿ? ಅಲ್ಲೇ ಇರ್ತೈತಿ" ಎಂದ. ಕೆಟ್ಟ ದನಿಯಲ್ಲಿ ಹೇಳಲಿಲ್ಲ. ಎಲ್ಲರಿಗೂ ಗೊತ್ತಿರುವ ಮಾತನ್ನು ಇವಳೇಕೆ ಕೇಳುತ್ತಾಳೆ ಅನ್ನುವ ದನಿ.

ಪಿಶವಿಯನ್ನು ಗಲ್ಲೆಯ ಮೇಲೆ ಇಟ್ಟು, "ಸಾವಕಾರ್ರ, ಇದು ವಾಪಸ್" ಎಂದೆ. ಮಾಲಕರು ಕನ್ನಡಕ ಸರಿಮಾಡಿಕೊಂಡು, "ಬಿಲ್ ಆದ ಮಾಲ ವಾಪಸ್ ಇಲ್ಲವಾ. ಬ್ಯಾರೆ ಬಣ್ಣ ಬೇಕಾರ ಕೊಡ್ತೀನಿ" ಎಂದರು. ಅವರಿಗೆ ಏನೂ ತಿಳಿದಿರಲಿಲ್ಲ. ವೈನಿ ಪಿಶವಿಯನ್ನು ಕಿತ್ತುಕೊಂಡು, "ಹೆಗಲ ಮ್ಯಾಲೆ ಹಾಕ್ಕೊಂಡ ನಕ್ಕೀ, ಈಗ ಒಲ್ಲೆ ಅಂತಿ. ಸಣ್ಣ ಹುಡುಗಿಯೇನು?" ಎಂದು ಮೆಟ್ಟಿಲಿಳಿದಳು. ಆ ಹೆಂಗಸು ಹೋಗುವಾಗ ನನ್ನ ತಲೆ ಸವರಿದಳು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಹೇಸಿಕೆ ತಂದಿತು.

ಸಂಜೆ ಮೂಡಲಗಿಗೆ ಬಂದಾಗ ಅತ್ತೆ ಹೊಸ್ತಿಲ ಮೇಲೆ ಕೂತಿದ್ದಳು. ತೊಡೆಯ ಮೇಲೆ ಫೋನು. ಮಗಳ ಚಪ್ಪಲಿ ಬಾಗಿಲಲ್ಲಿ ಇರಲಿಲ್ಲ.

"ಅತ್ತೀ, ಕೂಸ ಎಲ್ಲಿ?"

ಅವಳು ಫೋನನ್ನು ನನ್ನ ಕಡೆ ತಿರುಗಿಸಿದಳು. ವೈನಿ ತೆಗೆದು ಕಳಿಸಿದ ಫೋಟೋ. ಹಸಿರು ಸೀರೆ, ನನ್ನ ಮುಖ. "ಚಂದ ಕಾಣಾಕತ್ತಿ" ಎಂದಳು. "ನಗಾಕತ್ತಿ ನೋಡು. ನನ್ನ ಮಗ ಹೋಗಿ ಎರಡ ವರ್ಷ ಆತು. ನನ್ನ ಹಲ್ಲ ಯಾರರೆ ನೋಡ್ಯಾರೇನು ಕೇಳ ಓಣ್ಯಾಗ."

"ಅದು ಅಂಗಡಿ ಕೆಲಸ. ಎಲ್ಲಾರಿಗೂ ಹಂಗ ತೋರಿಸ್ತೀನಿ. ಕೂಸ ಎಲ್ಲೈತಿ ಹೇಳ್ರಿ."

"ಎಲ್ಲಿರಬೇಕೋ ಅಲ್ಲೈತಿ. ನನ್ನ ಮಗನ ಕಾಕಾ ಬಂದ ಗಾಡಿ ಮ್ಯಾಲೆ ಮಮದಾಪುರಕ್ಕ ಕರಕೊಂಡ ಹ್ವಾದ. ಸೀರಿ ಆರಿಸಿ ಬಂದಾಕಿಗಿ ಕೂಸ ಯಾಕ?"

ನಾನು ಒಳಗೆ ಹೋಗಿ ನೋಡಿದೆ. ಮಗಳ ಎರಡು ಅಂಗಿ ಹಗ್ಗದ ಮೇಲೆ ಇದ್ದವು. ಉಳಿದ ಬಟ್ಟೆ ಇರಲಿಲ್ಲ. ಅವಳು ಮಲಗುವಾಗ ಹಿಡಿದುಕೊಳ್ಳುವ ನನ್ನ ಹಳೆಯ ಸೀರೆಯ ತುಂಡು ಹಾಸಿಗೆಯಲ್ಲೇ ಬಿದ್ದಿತ್ತು. ಅದಿಲ್ಲದೆ ಅವಳಿಗೆ ನಿದ್ದೆ ಬರುವುದಿಲ್ಲ ಎಂದು ಅತ್ತೆಗೆ ಗೊತ್ತು. ಆ ತುಂಡನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಮಾತಾಡಿದ್ದರೆ ಕೈ ಎತ್ತುತ್ತಿದ್ದೆನೋ ಏನೋ. ಆ ದಿನ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಹೋದೆ. ಮಮದಾಪುರದಲ್ಲಿ ಕಾಕಾನ ಮನೆ ಊರ ಅಂಚಿಗೆ. ಕುರಿಗಳನ್ನು ಆಗಲೇ ಹೊಡೆದುಕೊಂಡು ಹೋಗಿದ್ದರು, ಹಟ್ಟಿಯಲ್ಲಿ ಮರಿಗಳಷ್ಟೇ ಇದ್ದವು. ಮಗಳು ಒಂದು ಮರಿಯ ಕಿವಿ ಹಿಡಿದುಕೊಂಡು ನಿಂತಿದ್ದಳು. ಅವಳ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದ್ದರು. ನನ್ನನ್ನು ನೋಡಿ ಓಡಿ ಬಂದಳು, ಅಳಲಿಲ್ಲ. "ಇದಕ್ಕ ಹಲ್ಲಿಲ್ಲ" ಎಂದು ಮರಿಯನ್ನು ತೋರಿಸಿದಳು.

ಕಟ್ಟೆಯ ಮೇಲೆ ಕಾಕಾ ಮತ್ತು ನೆರೆಯ ಮೂರು ಮಂದಿ ಗಂಡಸರು ಕೂತಿದ್ದರು. ನಾನು ಬರುವುದು ಅವರಿಗೆ ಗೊತ್ತಿತ್ತು. ಅತ್ತೆ ಫೋನು ಮಾಡಿರಬೇಕು. ಒಂದು ಹಿತ್ತಾಳೆ ತಟ್ಟೆಯಲ್ಲಿ ಭಂಡಾರ ಇಟ್ಟಿದ್ದರು. ನಮ್ಮ ದೇವರ ಅರಿಶಿನ ಪುಡಿ ಅದು. ಅದನ್ನು ಮುಟ್ಟಿ ಆಡಿದ ಮಾತನ್ನು ಮುರಿದವರು ಉದ್ಧಾರ ಆಗುವುದಿಲ್ಲ ಎಂದು ನಮ್ಮವರು ನಂಬುತ್ತಾರೆ. ನಾನೂ ನಂಬುತ್ತೇನೆ.

"ನೋಡವಾ" ಎಂದರು ಕಾಕಾ, "ನಾವೇನ ರಾಕ್ಷಸರಲ್ಲ. ಉಡಿಕಿ ಒಲ್ಲೆ ಅಂತಿ. ಭಾಳ ಛಲೋ. ಬದುಕಿರೂತನಕ ಇನ್ನೊಬ್ಬನ ಸೀರಿ ಉಡೂದಿಲ್ಲ ಅಂತ ಭಂಡಾರ ಮುಟ್ಟಿ ಆಣಿ ಮಾಡು. ಕೂಸನ್ನ ಕರಕೊಂಡ ನಡಿ. ಇಲ್ಲಾ, ಕೂಸ ಇಲ್ಲೇ ಬಿಟ್ಟ ನಡಿ."

ಒಬ್ಬ ಬೀಡಿ ಕೆಳಗಿಳಿಸಿ, "ಇಪ್ಪತ್ತೈದರ ವಯಸ್ಸು. ಇವತ್ತ ಒಲ್ಲೆ ಅಂತೈತಿ, ನಾಳೆ ಹೂಂ ಅಂತೈತಿ. ಆಣಿ ಆಗೂದ ಬೇಕು" ಎಂದ. ಇನ್ನೊಬ್ಬ, "ಸೀರಿ ಅಂಗಡ್ಯಾಗ ಇರಾಕಿ. ದಿನಾ ಹತ್ತ ಹೆಗಲಿಗಿ ಹಾಕ್ಕೋತಾಳ" ಎಂದ. ಅವರು ನಕ್ಕರು. ಈ ಸಲ ನಾನು ನಗಲಿಲ್ಲ.

ಆಣೆ ಮಾಡುವುದು ನನಗೆ ಕಷ್ಟವೇನೂ ಇರಲಿಲ್ಲ. ಇನ್ನೊಬ್ಬನ ವಿಚಾರ ನನ್ನ ಮನಸ್ಸಿನಲ್ಲಿ ಇರಲೇ ಇಲ್ಲ. ಬೆರಳು ಅದ್ದಿ, ಮಗಳನ್ನು ಎತ್ತಿಕೊಂಡು ಬಸ್ಸಿಗೆ ಬರಬಹುದಿತ್ತು. ಕೈ ಮುಂದೆ ಹೋಗಿತ್ತು ಕೂಡ. ಆದರೆ ತಟ್ಟೆಯ ಹತ್ತಿರ ಹೋದಾಗ, ಇದನ್ನು ಮುಟ್ಟಿದರೆ ನಾನು ಗಂಡನಿಗಾಗಿ ಅಳುವುದೂ ಈ ಕಟ್ಟೆಯವರ ಅಪ್ಪಣೆಯಾಗುತ್ತದೆ ಅನಿಸಿತು. ನಾನು ಒಬ್ಬಳೇ ಇದ್ದರೆ ಅದು ನನ್ನ ಗಂಡನ ನೆನಪಿಗೆ ಇರಬೇಕು. ಮುಖ ತೋರಿಸದೆ ಕಳಿಸಿದವರ ಹೆದರಿಕೆಗೆ ಇರಬಾರದು.

ಕೈ ಹಿಂದೆ ತೆಗೆದುಕೊಂಡೆ. ಕಾಕಾನ ಮೊದಲ ಹೆಂಡತಿ ಎರಡು ಗಂಡುಮಕ್ಕಳನ್ನು ಬಿಟ್ಟು ಸತ್ತದ್ದು, ವರ್ಷ ತಿರುಗುವುದರೊಳಗೆ ಅವರು ಹತ್ತೊಂಬತ್ತರ ಹುಡುಗಿಯನ್ನು ತಂದದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆ ಹುಡುಗಿ, ಈಗ ನರೆತ ಕೂದಲಿನ ಕಾಕು, ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದಳು.

"ಮಾವಾರ" ಎಂದೆ, "ನೀವು ಎರಡನೇದ ಆಗುವಾಗ ಯಾವ ಭಂಡಾರ ಮುಟ್ಟಿದ್ರಿ? ಮಕ್ಕಳನ್ನ ಸತ್ತಾಕಿ ತವರಮನಿಗಿ ಕೊಟ್ಟ ಬಂದಿದ್ರೇನ್ರಿ?"

ಕಾಕಾನ ಮುಖ ಕೆಂಪಾಯಿತು. "ಗಂಡಸರ ಮಾತ ಬ್ಯಾರೆ!"

ಬಾಗಿಲಿನಿಂದ ಕಾಕು, ಯಾರನ್ನೂ ನೋಡದೆ, "ಮುಟ್ಟಿಲ್ಲ ತಗೋ" ಎಂದಳು. "ಇಬ್ಬರ್ನ ನನ್ನ ಉಡ್ಯಾಗ ಒಗದ, ಕುರಿ ಹಿಂದ ಹ್ವಾದ್ರು. ನಾ ಅವರ್ನ ಎತ್ತಾಕೂ ಬರ್ತಿರ್ಲಿಲ್ಲ."

"ನೀ ಒಳಗ ನಡಿ!"

"ನಡೀತೀನಿ. ರೊಟ್ಟಿ ಬಡೀಬೇಕಲ್ಲ ನಿಮಗ."

ಅವಳು ನನ್ನ ಪರವಾಗಿ ಆಡಿದಳು ಅಂದುಕೊಳ್ಳಬಾರದು. ಒಳಗೆ ಹೋಗುವಾಗ ನನ್ನ ಕಡೆ ನೋಡಿದ ನೋಟದಲ್ಲಿ ಸ್ನೇಹ ಇರಲಿಲ್ಲ. ಅವಳು ತನ್ನ ಹಳೆಯ ಬಾಕಿ ತೀರಿಸಿಕೊಂಡಳು, ಅಷ್ಟೆ.

ನಾನು ಮಗಳ ಕೈ ಹಿಡಿದುಕೊಂಡೆ. ಕಟ್ಟೆಯವರು ಎದ್ದು ನಿಂತರು, ಆದರೆ ಹತ್ತಿರ ಬರಲಿಲ್ಲ. ಮನೆಯ ಸೊಸೆಯ ಮೈಗೆ ಹಗಲಲ್ಲಿ, ಮಂದಿಯೆದುರು, ಕೈ ಹಚ್ಚುವುದಕ್ಕೆ ಅವರಿಗೂ ಅವರದೇ ಪದ್ಧತಿ ಅಡ್ಡ ಬಂದಿತು. "ಮತ್ತ ನಮ್ಮ ಹೊಸ್ತಿಲ ತುಳೀಬ್ಯಾಡ" ಎಂದು ಕಾಕಾ ಕೂಗಿದರು. "ಆತ್ರಿ" ಎಂದೆ. ರಸ್ತೆಗೆ ಬರುವವರೆಗೆ ಮಗಳು ಹಿಂದೆ ತಿರುಗಿ ಮರಿಯನ್ನು ನೋಡುತ್ತಿದ್ದಳು.

ಮೂಡಲಗಿಗೆ ಹೋಗಲಿಲ್ಲ. ಹುಕ್ಕೇರಿಯ ಬಾಗಿಲು ತಾನಾಗಿಯೇ ಮುಚ್ಚಿತ್ತು. ಅವ್ವ ಮಾತ್ರ ವೈನಿ ನೀರಿಗೆ ಹೋದಾಗ ಕದ್ದು ಫೋನು ಮಾಡುತ್ತಾಳೆ, ಊಟ ಆಯಿತೇ ಎಂದು ಕೇಳಿ ಇಟ್ಟುಬಿಡುತ್ತಾಳೆ. ಗೋಕಾಕದಲ್ಲಿ ಖೋಲಿ ಹುಡುಕಿದೆ. "ಒಬ್ಬಾಕಿ, ಅದೂ ಈ ವಯಸ್ಸಿನಾಕಿ, ಬ್ಯಾಡವಾ" ಎಂದು ಕೇಳಿದ ಕಡೆಯಲ್ಲೆಲ್ಲ ಅಂದರು. ಕೊನೆಗೆ ಒಬ್ಬ ಮುದುಕಿ ಕೊಟ್ಟಳು. ಗಂಡಸರು, ಅಣ್ಣನೇ ಆಗಲಿ, ಬರಕೂಡದು ಅಂದಳು. ಬರುವ ಅಣ್ಣ ಯಾರೂ ಇಲ್ಲ ಎಂದೆ. ಮಗಳು ಬೆಳಿಗ್ಗೆ ಅಂಗನವಾಡಿಗೆ ಹೋಗುತ್ತಾಳೆ. ಮಧ್ಯಾಹ್ನದ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಸೀರೆಯ ರಟ್ಟುಗಳ ನಡುವೆ ಆಡುತ್ತಾಳೆ. ಮಾಲಕರು ಗೊಣಗುತ್ತಾರೆ, ಆದರೆ ಹೊರಗೆ ಕಳಿಸಿಲ್ಲ.

ತಿಂಗಳ ಮೇಲೆ, ಅಂಗಡಿಗೆ ರಜೆ ಇದ್ದ ದಿನ, ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಬಗಲಲ್ಲಿ ರೊಟ್ಟಿಯ ಗಂಟು. ಒಳಗೆ ಬರ್ರಿ ಎಂದೆ. ಬರಲಿಲ್ಲ, ಹೊಸ್ತಿಲ ಹೊರಗೇ ಕೂತಳು.

"ಕೂಸಿಗಿ ತಂದೀನಿ. ನಿನಗಲ್ಲ."

ಮಗಳು ಹೋಗಿ ಅವಳ ತೊಡೆಯ ಮೇಲೆ ಕೂತಳು. ಅತ್ತೆ ಅವಳ ಕೈ, ಕಾಲು, ಕುತ್ತಿಗೆ ಎಲ್ಲ ಮುಟ್ಟಿ ನೋಡಿದಳು. "ಸೊರಗ್ಯಾಳ" ಎಂದಳು. ಮಗಳು ಸೊರಗಿರಲಿಲ್ಲ.

"ಆಣಿ ಮಾಡ್ಲಿಲ್ಲಂತ."

"ಇಲ್ರಿ."

"ಮಾಡಿದ್ರ ಏನ ಹೋಗ್ತಿತ್ತು ನಿಂದು? ನನಗ ನಿದ್ದಿರೆ ಬರ್ತಿತ್ತು."

ನಿಮ್ಮ ನಿದ್ದೆಗೆ ನನ್ನ ಬದುಕನ್ನು ಯಾಕೆ ಕೊಡಲಿ ಎಂದು ಬಾಯಿತುದಿಗೆ ಬಂದಿತ್ತು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. ಚಹಾ ಮಾಡಿ ಮುಂದಿಟ್ಟೆ. ಆರುವವರೆಗೆ ಮುಟ್ಟಲಿಲ್ಲ, ಆಮೇಲೆ ಒಂದೇ ಗುಟುಕಿಗೆ ಕುಡಿದಳು.

ಬಸ್ಸಿನ ಹೊತ್ತಾದಾಗ ನಾನೂ ಮಗಳೂ ಸ್ಟ್ಯಾಂಡಿನವರೆಗೆ ಅವಳ ಹಿಂದೆ ಹೋದೆವು. ಜೊತೆಗೆ ನಡೆಯಲು ಬಿಡಲಿಲ್ಲ, ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಬಸ್ಸಿನ ಹತ್ತಿರ ತಿರುಗಿ, "ಬರೂ ವಾರ ಮತ್ತ ಬರ್ತೀನಿ" ಎಂದಳು.

"ಬರ್ರಿ."

"ನೀ ಬಾ ಅಂದ್ರೂ ಬರ್ತೀನಿ, ಬ್ಯಾಡ ಅಂದ್ರೂ ಬರ್ತೀನಿ. ಕೂಸ ನಂದು."

"ಕೂಸ ನನ್ನ ಹತ್ರ ಇರ್ತೈತ್ರಿ" ಎಂದೆ. "ನೀವು ಬಂದ ನೋಡ್ಕೊಂಡ ಹೋಗ್ರಿ."

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ತಿರುಗಿ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟಳು. ಎಡಗೈಯನ್ನು ಮೊಣಕಾಲಿನ ಮೇಲೆ ಊರಿ, ತಲೆಯನ್ನು ಒಂದು ಬದಿಗೆ ಸ್ವಲ್ಪ ವಾಲಿಸಿ ಹತ್ತಿದಳು. ನನ್ನ ಗಂಡ ಟೆಂಪೋ ಹತ್ತುತ್ತಿದ್ದದ್ದು ಥೇಟ್ ಹಾಗೆಯೇ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಅದನ್ನು ನೋಡಿರಲಿಲ್ಲ.

ಅಲ್ಲೇ, ಸ್ಟ್ಯಾಂಡಿನ ನಡುವೆ, ಮಂದಿಯೆಲ್ಲ ನೋಡುತ್ತಿರುವಾಗ ನಾನು ಅತ್ತುಬಿಟ್ಟೆ. ಮಗಳು ನನ್ನ ಸೆರಗು ಹಿಡಿದು ನಿಂತಿದ್ದಳು. ಬಸ್ಸು ಹಿಂದೆ ಸರಿದು ತಿರುಗಿ ಮೂಡಲಗಿಯ ದಾರಿ ಹಿಡಿಯಿತು. ಕಿಟಕಿಯಲ್ಲಿ ಅತ್ತೆ ಈ ಕಡೆ ನೋಡಲಿಲ್ಲ.